ಸನ್ಮಾನದ ಮಾರನೇ ದಿನ ಜೊತೆಗೆ ಯಾರಿರ್ತಾರೆ?

ಭಾನುವಾರ ಜಯನಗರದಲ್ಲಿ ಮಾತಾಡಿದ್ದನ್ನ ಬರ್ದು ಕೊಡಿ ಅಂತ ತುಂಬಾ ಜನ ಕೇಳಿದ್ರಿ, ಅದಕ್ಕೆ ಆಡಿದ್ದನ್ನ ಆಡಿದ ಹಾಗೇ ಬರೀತಿದೀನಿ. ಕೆಲವು ಕಡೆ ಸೆಕ್ಷನ್ ನಂಬರ್ ಸೇರಿಸಿದೀನಿ, ಸಭೆಯಲ್ಲಿ ಹೇಳಿದ್ರೆ ಯಾರಿಗೂ ನೆನಪಿರಲ್ಲ, ಬರಹದಲ್ಲಾದ್ರೆ ಬೇಕಾದಾಗ ನೋಡ್ಕೋಬಹುದು.

ಎಲ್ಲರಿಗೂ ನಮಸ್ಕಾರ. ಇಲ್ಲಿರೋ ಹುಡುಗ ಹುಡುಗೀರು ಸೇರಿ ಬೆಂಗಳೂರಲ್ಲಿ ವರ್ಷಕ್ಕೊಂದು ಪ್ರಶಸ್ತಿ ಶುರು ಮಾಡ್ಬೇಕು ಅಂತಿದಾರೆ. ಜಾತಿ, ಧರ್ಮ, ಭಾಷೆ, ಮುಖ, ಬಣ್ಣ ನೋಡಿ ಯಾರನ್ನಾದ್ರೂ ಹೊಡೆಯೋಕೆ ಬಂದಾಗ ಅಡ್ಡ ನಿಂತವರಿಗೆ ಕೊಡೋ ಪ್ರಶಸ್ತಿ ಅದು. ಅದು ಹೇಗಿರ್ಬೇಕು ಅಂತ ನನ್ನ ಕೇಳಿದ್ರು, ಯಾಕಂದ್ರೆ ನಾನು ವಕೀಲಿಕೆ ಮಾಡ್ತಾ ಇಂಥ ಕೇಸ್‌ಗಳ ಸಾಕ್ಷಿಗಳ ಜೊತೆ ಓಡಾಡೋದು ಜಾಸ್ತಿ. ನನ್ನ ಉತ್ತರ ಮೊದಲೇ ಹೇಳಿಬಿಡ್ತೀನಿ. ಖಂಡಿತಾ ಮಾಡಿ, ಆದ್ರೆ ಶಾಲು ಹೊದಿಸಿ, ಮೈಸೂರು ಪೇಟ ಇಟ್ಟು, ಹಣ್ಣಿನ ಬುಟ್ಟಿ ಕೈಗೆ ಕೊಟ್ಟು ಫೋಟೋ ತೆಗೆಸಿ ಕಳಿಸೋ ಪ್ರಶಸ್ತಿ ದಯವಿಟ್ಟು ಬೇಡ. ಅಡ್ಡ ನಿಂತವರಿಗೆ ಕಷ್ಟ ಶುರು ಆಗೋದೇ ಮಾರನೇ ದಿನದಿಂದ, ಪ್ರಶಸ್ತಿ ಇರಬೇಕಾಗಿದ್ದು ಆ ದಿನಗಳಿಗೆ.

ಹೇಟ್ ಕ್ರೈಮ್ ಅಂದ್ರೇನು ಅನ್ನೋದನ್ನ ಬೇಗ ಮುಗಿಸ್ತೀನಿ. ಸರ ಕೀಳೋನಿಗೆ ಸರ ಬೇಕು, ಕತ್ತು ಯಾರದಾದ್ರೂ ಆದೀತು. ಇಲ್ಲಿ ಹಾಗಲ್ಲ, ನೀನು ಇಂಥವನು ಅಂತಾನೇ ಹೊಡೆಯೋದು, ಮತ್ತೆ ಆ ಏಟು ಒಬ್ಬನಿಗೆ ಬಿದ್ರೂ ಅವನ ಥರ ಇರೋ ಎಲ್ಲರೂ ಆವತ್ತು ರಾತ್ರಿ ಬಾಗಿಲು ಭದ್ರ ಮಾಡ್ಕೊಂಡು ಮಲಗ್ತಾರೆ. ಇಂಗ್ಲೆಂಡಲ್ಲಿ ಪೊಲೀಸ್ರು ಜನಾಂಗ, ಧರ್ಮ, ಲೈಂಗಿಕ ಒಲವು, ಅಂಗವೈಕಲ್ಯ, ಟ್ರಾನ್ಸ್‌ಜೆಂಡರ್ ಅನ್ನೋ ಐದು ಕಾರಣಗಳ ಮೇಲೆ ಇದನ್ನ ಬೇರೆಯಾಗೇ ಲೆಕ್ಕ ಇಡ್ತಾರೆ. ನಮ್ಮಲ್ಲಿ ಆ ಥರ ಲೆಕ್ಕಾನೇ ಇಲ್ಲ. ದೇಶದ ಅಪರಾಧಗಳ ಲೆಕ್ಕ ಇಡೋ ಕೇಂದ್ರ ಸಂಸ್ಥೆ ಎನ್‌ಸಿಆರ್‌ಬಿ 2017ರಲ್ಲಿ ಗುಂಪು ಹತ್ಯೆ, ಹೇಟ್ ಕ್ರೈಮ್ ಅಂಕಿ ಅಂಶ ಕಲೆ ಹಾಕೋಕೆ ಶುರು ಮಾಡಿ, ವ್ಯಾಖ್ಯೆನೇ ಇಲ್ದೆ ಬಂದ ಮಾಹಿತಿ ನಂಬೋ ಹಾಗಿಲ್ಲ ಅಂತ ನಿಲ್ಲಿಸ್ತು, ಸರ್ಕಾರಾನೇ ಸಂಸತ್ತಲ್ಲಿ ಹೇಳಿದೆ. ದಲಿತರು ಆದಿವಾಸಿಗಳ ಮೇಲಿನ ದೌರ್ಜನ್ಯಕ್ಕೆ 1989ರ ಕಾಯ್ದೆ ಇದೆ, ನನ್ನ ಪ್ರಕಾರ ನಮ್ಮ ದೇಶದ ನಿಜವಾದ ಹೇಟ್ ಕ್ರೈಮ್ ಕಾನೂನು ಅದೇ. ಹಳೇ ಐಪಿಸಿ ಬದಲಿಗೆ 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 103(2)ನೇ ಸೆಕ್ಷನ್ನಲ್ಲಿ ಐದು ಅಥವಾ ಅದಕ್ಕಿಂತ ಜಾಸ್ತಿ ಜನ ಸೇರಿ ಜನಾಂಗ, ಜಾತಿ, ಸಮುದಾಯ, ಲಿಂಗ, ಹುಟ್ಟಿದ ಊರು, ಭಾಷೆ, ವೈಯಕ್ತಿಕ ನಂಬಿಕೆ ಇಂಥ ಕಾರಣಕ್ಕೆ ಕೊಲೆ ಮಾಡಿದ್ರೆ ಮರಣದಂಡನೆ ಅಥವಾ ಜೀವಾವಧಿ ಅಂತಿದೆ. ಭಾಷೆ, ಹುಟ್ಟಿದ ಊರು ಈ ಎರಡು ಪದಗಳು ಬೆಂಗಳೂರಿನವರು ಗಮನ ಇಟ್ಟು ಓದಬೇಕಾದ್ದು.

ಈಗ ಪ್ರಶಸ್ತಿ ವಿಷಯಕ್ಕೆ ಬರೋಣ. ಬ್ರಿಟನ್ನಿನಲ್ಲಿ ನೋ ಟು ಹೇಟ್ ಕ್ರೈಮ್ ಅವಾರ್ಡ್ಸ್ ಅಂತ ಕೊಡ್ತಾ ಬಂದಿದಾರೆ, ಮುಸ್ಲಿಮರ ಮೇಲಿನ ದ್ವೇಷದ ಘಟನೆಗಳನ್ನ ದಾಖಲಿಸೋ ಟೆಲ್ ಮಾಮಾ, ಫೇತ್ ಮ್ಯಾಟರ್ಸ್ ಥರದ ಸಂಸ್ಥೆಗಳು ಅದರ ಹಿಂದೆ ಇರೋದು. ನನಗೆ ಅದರಲ್ಲಿ ಹಿಡಿಸಿದ್ದು ಏನಂದ್ರೆ ಬೇರೆ ಬೇರೆ ಸಮುದಾಯದವರು ಒಂದೇ ಛಾವಣಿ ಕೆಳಗೆ ಕೂತು ಇನ್ನೊಬ್ಬರಿಗಾಗಿ ನಿಂತವರನ್ನ ಗುರುತಿಸೋದು. ಅಲ್ಲಿನ ಒಂದು ಘಟನೆ ಹೇಳ್ತೀನಿ. 2016ರ ಜೂನ್ 16ರಂದು ಸಂಸದೆ ಜೋ ಕಾಕ್ಸ್ ಅವರನ್ನ ಒಬ್ಬ ಬಲಪಂಥೀಯ ತೀವ್ರವಾದಿ ನಡುರಸ್ತೆಯಲ್ಲಿ ಕೊಂದ. ಅಲ್ಲೇ ಬರ್ನಾರ್ಡ್ ಕೆನ್ನಿ ಅಂತ 77 ವರ್ಷದ ನಿವೃತ್ತ ಗಣಿ ಕೆಲಸಗಾರ, ಲೈಬ್ರರಿಗೆ ಹೋದ ಹೆಂಡತಿಗಾಗಿ ಕಾಯ್ತಾ ಇದ್ದವರು, ಕಾರಿಂದ ಇಳಿದು ಬರಿಗೈಯಲ್ಲಿ ಅವನ ಮೇಲೆ ಬಿದ್ರು, ಹೊಟ್ಟೆಗೆ ಇರಿತ ತಿಂದ್ರು. 2017ರ ಜೂನಲ್ಲಿ ಅವರಿಗೆ ಅಲ್ಲಿನ ಶೌರ್ಯ ಪದಕ ಜಾರ್ಜ್ ಮೆಡಲ್ ಘೋಷಣೆ ಆಯ್ತು, ಅದೇ ಆಗಸ್ಟಲ್ಲಿ ಅವರು ತೀರ್ಕೊಂಡ್ರು. ಇದರಲ್ಲಿ ನಮಗೆ ಬೇಕಾದ ಮಾತು ಒಂದಿದೆ, ಕೊಡೋದಿದ್ರೆ ಬೇಗ ಕೊಡಿ.

ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್, 2019ರ ಮಾರ್ಚ್ 15, ಎರಡು ಮಸೀದಿಗಳಲ್ಲಿ 51 ಜನರ ಕೊಲೆ. ಲಿನ್‌ವುಡ್ ಮಸೀದಿ ಹತ್ರ ಅಬ್ದುಲ್ ಅಜೀಜ್ ಅನ್ನೋರು ಕೈಗೆ ಸಿಕ್ಕ ಕಾರ್ಡ್ ಸ್ವೈಪ್ ಮೆಷಿನ್ ಎತ್ಕೊಂಡು ಹೊರಗೆ ಓಡಿ ಬಂದೂಕಿನವನ ಮೇಲೆ ಎಸೆದ್ರು, ನಿಲ್ಸಿದ್ದ ಕಾರುಗಳ ಮರೆಯಲ್ಲಿ ಬಗ್ಗಿ ಬಗ್ಗಿ ಓಡಾಡ್ತಾ ಕೂಗಿ ಕೂಗಿ ಅವನ ಗಮನ ತಮ್ಮ ಕಡೆ ಎಳೆದ್ರು, ಒಳಗೆ ಅವರ ಮಕ್ಕಳಿದ್ರು. ಅವನು ಬಿಸಾಕಿದ್ದ ಖಾಲಿ ಬಂದೂಕನ್ನೇ ಎತ್ತಿ ಅವನ ಕಾರಿನ ಗಾಜಿಗೆ ಎಸೆದಾಗ ಗಾಜು ಒಡೆದು ಅವನು ಗಾಡಿ ಓಡಿಸ್ಕೊಂಡು ಹೋದ. ಅಲ್ ನೂರ್ ಮಸೀದಿಯಲ್ಲಿ ನಯೀಮ್ ರಶೀದ್ ಅನ್ನೋರು ಹಂತಕನ ಮೇಲೆ ನುಗ್ಗಿ ಬೇರೆಯವರಿಗೆ ಓಡೋಕೆ ಸಮಯ ಮಾಡ್ಕೊಟ್ಟು ತಾವು ಸತ್ರು, ಅವರ ಮಗ ಕೂಡ ಅಲ್ಲೇ ಸತ್ತ. 2021ರ ಕೊನೆಗೆ ಇಬ್ಬರಿಗೂ ಅಲ್ಲಿ ನಾಗರಿಕರಿಗೆ ಕೊಡೋ ಅತಿ ದೊಡ್ಡ ಶೌರ್ಯ ಪದಕ ನ್ಯೂಜಿಲೆಂಡ್ ಕ್ರಾಸ್ ಸಿಕ್ತು.

ಆದ್ರೆ ನನ್ನ ಮನಸ್ಸಿಗೆ ತುಂಬಾ ಹತ್ತಿರ ಆದ ಗೌರವ ಅಂದ್ರೆ ಸರ್ಕಾರ ಕೊಟ್ಟಿದ್ದೇ ಅಲ್ಲ. 2017ರ ಫೆಬ್ರವರಿ 22, ಅಮೆರಿಕದ ಕ್ಯಾನ್ಸಸ್‌ನ ಒಲೇತಾ ಅನ್ನೋ ಊರು. ಗಾರ್ಮಿನ್ ಕಂಪನಿಯ ಇಬ್ಬರು ತೆಲುಗು ಎಂಜಿನಿಯರ್‌ಗಳು ಆಫೀಸ್ ಮುಗಿಸಿ ಒಂದು ಬಾರ್‌ನಲ್ಲಿ ಕೂತಿದ್ರು, ಒಬ್ಬ ಬಂದು ಅವರನ್ನ ಇರಾನಿನವರು ಅಂದ್ಕೊಂಡು ನಮ್ಮ ದೇಶ ಬಿಟ್ಟು ತೊಲಗಿ ಅಂತ ಕಿರುಚಿ ಗುಂಡು ಹಾರಿಸ್ದ, ಶ್ರೀನಿವಾಸ್ ಕೂಚಿಭೊಟ್ಲ ತೀರ್ಕೊಂಡ್ರು. ನಮ್ಮ ಬೆಂಗಳೂರಲ್ಲಿ ಬೀದಿಗೊಂದು ಮನೆಯಿಂದ ಮಕ್ಕಳು ಅಲ್ಲಿ ಕೆಲಸಕ್ಕೆ ಹೋಗಿದಾರಲ್ಲ, ಆ ವಾರ ಎಷ್ಟು ಅಪ್ಪ ಅಮ್ಮ ರಾತ್ರಿ ನಿದ್ದೆ ಬಿಟ್ಟು ಫೋನ್ ಮಾಡಿದ್ರು ಅಂತ ನಿಮಗೇ ಗೊತ್ತು. ಆ ಬಾರ್‌ನಲ್ಲಿ ಇಯಾನ್ ಗ್ರಿಲ್ಲಟ್ ಅನ್ನೋ 24 ವರ್ಷದ ಹುಡುಗ ಟೇಬಲ್ ಕೆಳಗೆ ಬಗ್ಗಿ ಗುಂಡುಗಳನ್ನ ಎಣಿಸ್ತಾ ಇದ್ದ, ಮುಗೀತು ಅಂದ್ಕೊಂಡು ಎದ್ದು ಅವನ ಹಿಂದೆ ಓಡ್ದ, ಲೆಕ್ಕ ತಪ್ಪಿತ್ತು, ಕೈಗೂ ಎದೆಗೂ ಗುಂಡು ಬಿತ್ತು, ಬದುಕ್ಕೊಂಡ. ಅವನಿಗೂ ಆ ಇಬ್ಬರಿಗೂ ಯಾವ ಸಂಬಂಧಾನೂ ಇರ್ಲಿಲ್ಲ. ಆಮೇಲೆ ಹ್ಯೂಸ್ಟನ್ನಿನ ಭಾರತೀಯರು ಅವನನ್ನ ಕರೆಸಿ ಗೌರವಿಸಿದ್ರು, ಬರೀ ಗೌರವಿಸಲಿಲ್ಲ, ಮನೆ ಕೊಂಡ್ಕೊಳ್ಳೋಕೆ ಅಂತ 1 ಲಕ್ಷ ಡಾಲರ್ ಒಟ್ಟು ಮಾಡಿ ಕೊಟ್ರು. ಮನೆಯೊಂದು ಇದ್ರೆ ಗಾಯ ಆದ ಮನುಷ್ಯ ನೆಮ್ಮದಿಯಾಗಿ ಮಲಗಬಹುದು, ಪದಕದ ಕೆಳಗೆ ಮಲಗೋಕಾಗಲ್ಲ. ಪ್ರಶಸ್ತಿ ಅಂದ್ರೆ ನನಗೆ ಇದು.

ನಮ್ಮ ದೇಶದಲ್ಲಿ ಏನೂ ಇಲ್ಲ ಅಂತಲ್ಲ. ಕಬೀರ್ ಪುರಸ್ಕಾರ ಅಂತ ಕೇಂದ್ರ ಸರ್ಕಾರ 1990ರಲ್ಲಿ ಒಂದು ಪ್ರಶಸ್ತಿ ಶುರು ಮಾಡ್ತು, ಗಲಭೆ ಟೈಮಲ್ಲಿ ಬೇರೆ ಜಾತಿ ಧರ್ಮದವರ ಜೀವ ಆಸ್ತಿ ಕಾಪಾಡಿದವರಿಗೆ ಅಂತಾನೇ ಮಾಡಿದ್ದು, ಮೂರು ದರ್ಜೆ, 2 ಲಕ್ಷ, 1 ಲಕ್ಷ, 50 ಸಾವಿರ. ಈ ಸಭೆಯಲ್ಲಿ ಎಷ್ಟು ಜನ ಇದರ ಹೆಸರು ಕೇಳಿದೀರಿ ಅಂತ ಕೇಳಿದೆ, ಮೂರ್ನಾಲ್ಕು ಕೈ ಎದ್ದವು ಅಷ್ಟೇ. ಇದು ಬೇಸರದ ವಿಷಯ, ಯಾಕಂದ್ರೆ ಇಷ್ಟು ಒಳ್ಳೆ ಉದ್ದೇಶದ ಪ್ರಶಸ್ತಿ ಮಕ್ಕಳ ಪಠ್ಯದಲ್ಲಿ ಇರಬೇಕಿತ್ತು.

ಹೊಗಳಿಕೆ ಬಂದ ಕೂಡಲೇ ಎಲ್ಲ ಸರಿ ಹೋಗಲ್ಲ ಅನ್ನೋಕೆ ಉತ್ತರಾಖಂಡದ ಗಗನ್‌ದೀಪ್ ಸಿಂಗ್ ಕಥೆ ಸಾಕು. 2018ರ ಮೇ ತಿಂಗಳು, ರಾಮನಗರದ ಹತ್ರ ದೇವಸ್ಥಾನದ ಬಳಿ ಒಬ್ಬ ಮುಸ್ಲಿಂ ಹುಡುಗ ಹಿಂದೂ ಹುಡುಗಿ ಜೊತೆ ಬಂದಿದ್ದಾನೆ ಅಂತ ಗುಂಪು ಮುತ್ತಿಕೊಂಡಾಗ ಈ ಸಬ್ ಇನ್‌ಸ್ಪೆಕ್ಟರ್ ಅವನನ್ನ ತಮ್ಮ ಎದೆಗೆ ಅವುಚಿಕೊಂಡು ಹೊರಗೆ ತಂದ್ರು, ವಿಡಿಯೋ ನೀವೆಲ್ಲಾ ನೋಡಿರ್ತೀರಿ. ದೇಶ ಪೂರ್ತಿ ಹೊಗಳ್ತು. ಅದೇ ವಾರ ಅವರಿಗೆ ಬೆದರಿಕೆಗಳೂ ಬರೋಕೆ ಶುರು ಆದ್ವು. ಯೂನಿಫಾರ್ಮ್ ಹಾಕಿ ಸೊಂಟದಲ್ಲಿ ಪಿಸ್ತೂಲ್ ಇದ್ದ ಮನುಷ್ಯನಿಗೇ ಹೀಗೆ ಅಂದ್ಮೇಲೆ ಎಗ್ ರೈಸ್ ಗಾಡಿಯವನಿಗೆ, ಪಿಜಿ ವಾರ್ಡನ್ ಹೆಂಗಸಿಗೆ ಹೇಗಿರುತ್ತೆ ಯೋಚನೆ ಮಾಡಿ.

ನಮ್ಮ ಊರಿನ ಮಾತಿಗೆ ಬರ್ತೀನಿ. 2012ರ ಆಗಸ್ಟ್ ನೆನಪಿರೋರು ಇಲ್ಲಿ ಇದೀರಿ. ಅಸ್ಸಾಮಿನ ಕೊಕ್ರಝಾರ್ ಗಲಭೆ ಆದ್ಮೇಲೆ ಈಶಾನ್ಯದವರ ಮೇಲೆ ದಾಳಿ ಆಗುತ್ತೆ ಅಂತ ಎಸ್ಸೆಮ್ಮೆಸ್ಸಲ್ಲಿ ಸುಳ್ಳು ಸುದ್ದಿ ಹಬ್ಬಿ, ಈಶಾನ್ಯದ ಸಾವಿರಾರು ಹುಡುಗರು ಬ್ಯಾಗ್ ಹೆಗಲಿಗೇರಿಸ್ಕೊಂಡು ಸಿಟಿ ರೈಲ್ವೆ ಸ್ಟೇಷನ್ನಿನಲ್ಲಿ ಗುವಾಹಟಿ ರೈಲಿಗೆ ನೂಕುನುಗ್ಗಲು ಮಾಡಿದ್ರು, ಒಂದಿಷ್ಟು ದಿನ ದಿನಕ್ಕೆ ಐದೇ ಮೆಸೇಜ್ ಕಳಿಸಬಹುದು ಅಂತ ಸರ್ಕಾರ ಕಡಿವಾಣ ಹಾಕ್ತು. ಆಗ ಎಜಿಪುರದಲ್ಲಿ ನನಗೆ ಪರಿಚಯದ ಒಬ್ಬ ಮನೆ ಓನರ್ ಅಜ್ಜಿ ತಮ್ಮ ಮೇಲಿನ ಮನೆಯ ಮಣಿಪುರಿ ಹುಡುಗೀರಿಗೆ ಎಲ್ಲೂ ಹೋಗಬೇಡಿ ಅಂತ ಹೇಳಿ, ಮೆಟ್ಟಿಲ ಬುಡದಲ್ಲೇ ಚಾಪೆ ಹಾಸ್ಕೊಂಡು ರಾತ್ರಿಯೆಲ್ಲಾ ಅಲ್ಲೇ ಮಲಗಿದ್ರು, ಯಾರಾದ್ರೂ ಬಂದ್ರೆ ನನ್ನ ದಾಟ್ಕೊಂಡು ಹೋಗ್ಲಿ ಅಂತ. ಯಾರೂ ಬರಲಿಲ್ಲ. ಯಾರೂ ಬರದೇ ಇದ್ದ ರಾತ್ರಿಗೆ ಪ್ರಶಸ್ತಿ ಕೊಡೋ ಪದ್ಧತಿ ಎಲ್ಲೂ ಇಲ್ಲ, ಆದ್ರೆ ಆ ಹುಡುಗೀರು ರೈಲು ಹತ್ತಲಿಲ್ಲ, ಓದು ಮುಗಿಸಿದ್ರು. ನೀವು ಪ್ರಶಸ್ತಿ ಮಾಡಿದ್ರೆ ಇಂಥವರನ್ನೂ ಹುಡುಕಿ, ಏಟು ತಿಂದವರನ್ನ ಮಾತ್ರ ಅಲ್ಲ.

2016ರಲ್ಲಿ ಹೆಸರಘಟ್ಟ ರಸ್ತೆ ಕಡೆ ಒಬ್ಬ ಸುಡಾನ್ ಪ್ರಜೆಯ ಕಾರು ಅಪಘಾತದಲ್ಲಿ ಒಬ್ಬ ಮಹಿಳೆ ತೀರ್ಕೊಂಡ್ರು, ಅದಕ್ಕೆ ಸಂಬಂಧವೇ ಇಲ್ಲದ ಟಾಂಜಾನಿಯಾದ ವಿದ್ಯಾರ್ಥಿನಿಯನ್ನ ಗುಂಪು ಎಳೆದು ಹೊಡೀತು, ಕಾರು ಸುಟ್ಟರು. ಆಗಿನ ಪತ್ರಿಕೆಗಳಲ್ಲಿ ಬಂದ ಹಾಗೆ, ಅವಳಿಗೆ ಮೈ ಮುಚ್ಚಿಕೊಳ್ಳೋಕೆ ಟೀ ಶರ್ಟ್ ಕೊಟ್ಟ ಒಬ್ಬ ದಾರಿಹೋಕನಿಗೂ ಗುಂಪು ಹೊಡೀತಂತೆ. ಆ ಮನುಷ್ಯನ ಬಗ್ಗೆ ಆಮೇಲೆ ಯಾರೂ ಮಾತಾಡಲಿಲ್ಲ. ಹೊಡೆದ ಗುಂಪಿನ ಬಗ್ಗೆ ವಾರಗಟ್ಟಲೆ ಚರ್ಚೆ ಆಯ್ತು, ಟೀ ಶರ್ಟ್ ಕೊಟ್ಟ ಕೈ ಬಗ್ಗೆ ಒಂದು ಸಾಲು. ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತೆ.

2020ರ ಆಗಸ್ಟ್ 11ರ ರಾತ್ರಿ ಡಿಜೆ ಹಳ್ಳಿ ಕೆಜಿ ಹಳ್ಳಿ ಗಲಭೆಯಲ್ಲಿ ಒಂದಿಷ್ಟು ಮುಸ್ಲಿಂ ಹುಡುಗರು ದೇವಸ್ಥಾನದ ಮುಂದೆ ಕೈ ಕೈ ಹಿಡಿದು ಸರಪಳಿ ಥರ ನಿಂತಿದ್ರು. ಅದನ್ನ ಎಲ್ಲರೂ ಶೇರ್ ಮಾಡಿದ್ರು, ಸರಿ, ಆದ್ರೆ ತುಂಬಾ ಜನ ಬರೆದ ಮಾತು ಗಮನಿಸಿದೆ, ಇವರು ಒಳ್ಳೆ ಮುಸ್ಲಿಮರು ಅಂತ. ಪ್ರಶಸ್ತಿ ಪತ್ರ ಬರೆಯೋರು ಈ ಬಲೆಗೆ ಬೀಳಬೇಡಿ. ಆ ಹುಡುಗರು ಮಾಡಿದ್ದು ತಮ್ಮ ಬೀದಿ ಕಾಯೋ ಕೆಲಸ, ಅದನ್ನ ಅವರ ಸಮುದಾಯದ ಉಳಿದವರಿಗೆ ಬೈಯೋಕೆ ಬಳಸ್ಕೊಂಡ್ರೆ ಪ್ರಶಸ್ತಿನೇ ಇನ್ನೊಂದು ಏಟು ಆಗುತ್ತೆ.

ಈಗ ಒಬ್ಬ ಆಟೋ ಡ್ರೈವರ್ ವಿಷಯ. ಹೆಸರು, ಏರಿಯಾ ಹೇಳಲ್ಲ, ಅವರು ಬೇಡ ಅಂದಿದಾರೆ. ರಾತ್ರಿ ಹತ್ತೂವರೆ ಹನ್ನೊಂದು ಇರಬೇಕು, ಕುಡಿದ ನಾಲ್ಕೈದು ಜನ ಒಬ್ಬ ನಾಗಾಲ್ಯಾಂಡ್ ಹುಡುಗನನ್ನ ಚಿಂಕಿ ಅಂತ ಕರೆದು, ಕನ್ನಡದಲ್ಲಿ ಮಾತಾಡು ಅಂತ ಶುರು ಮಾಡಿ, ಅವನು ಬರೋ ಕನ್ನಡದಲ್ಲೇ ಸಾರಿ ಅಣ್ಣ ಗೊತ್ತಿಲ್ಲ ಅಂದ್ರೂ ಬಿಡದೆ ಹೆಲ್ಮೆಟ್ಟಲ್ಲಿ ಹೊಡೀತಿದ್ರು. ಈ ಡ್ರೈವರ್ ಆಟೋನ ಆ ಹುಡುಗನಿಗೂ ಗುಂಪಿಗೂ ಮಧ್ಯೆ ತಂದು ಅಡ್ಡ ನಿಲ್ಸಿದ್ರು, ಮೊಬೈಲಲ್ಲಿ ರೆಕಾರ್ಡ್ ಹಾಕಿ ಡ್ಯಾಶ್‌ಬೋರ್ಡ್ ಮೇಲಿಟ್ರು, ಹುಡುಗನನ್ನ ಒಳಗೆ ಎಳ್ಕೊಂಡು ಆಸ್ಪತ್ರೆಗೆ ಬಿಟ್ರು. ನಾನು ಕೇಳಿದೆ, ಭಯ ಆಗ್ಲಿಲ್ವಾ ಅಂತ. ಅವನೂ ಕೆಲಸ ಹುಡ್ಕೊಂಡು ಬಂದಿರೋನು, ನಾನೂ ಮಂಡ್ಯದಿಂದ ಹಂಗೇ ಬಂದೋನು ಅಂದ್ರು.

ಇಲ್ಲಿವರೆಗೂ ಪೇಪರ್‌ನಲ್ಲಿ ಬರೋ ಕಥೆ. ಮುಂದಿನದು ಕೇಳಿ. ವಿಡಿಯೋ ಸಾಕ್ಷಿ ಅಂತ ಪೊಲೀಸ್ರು ಫೋನ್ ಜಪ್ತಿ ಮಾಡಿದ್ರು. ಆ ಫೋನ್ ಇಲ್ದೆ ಆ್ಯಪ್ ಬಾಡಿಗೆ ಇಲ್ಲ, ಯುಪಿಐ ಇಲ್ಲ, ದಿನದ ಸಂಪಾದನೆ ಅರ್ಧಕ್ಕಿಂತ ಕೆಳಗೆ ಇಳೀತು. ಸ್ಟೇಷನ್‌ಗೆ ಹೋಗಿ ಕೇಳಿದ್ರೆ ಲ್ಯಾಬ್‌ಗೆ ಹೋಗಿದೆ ಬಾ ಆಮೇಲೆ. ಒಂದು ದಿನ ಬೆಳಿಗ್ಗೆ ಎದ್ದು ನೋಡಿದ್ರೆ ಮನೆ ಮುಂದೆ ನಿಲ್ಸಿದ್ದ ಆಟೋದ ಮುಂದಿನ ಗಾಜು ಪುಡಿ ಪುಡಿ. ಯಾರು ಮಾಡಿದ್ರು ಅಂತ ಇವತ್ತಿಗೂ ಗೊತ್ತಾಗಿಲ್ಲ. ಸ್ಟ್ಯಾಂಡಲ್ಲಿ ಜೊತೆಗಾರರು ಊರ ಉಸಾಬರಿ ನಿನಗ್ಯಾಕೆ ಬೇಕಿತ್ತು ಅಂದ್ರು, ಮನೆಯಲ್ಲೂ ಅದೇ ಮಾತು. ಕೋರ್ಟ್ ಸಮನ್ಸ್ ಬಂತು, ಬೆಳಿಗ್ಗೆ ಹತ್ತೂವರೆಗೆ ಹೋಗಿ ಕಾರಿಡಾರಲ್ಲಿ ನಿಂತ್ರು, ಕೂರೋಕೆ ಬೆಂಚ್ ಖಾಲಿ ಇಲ್ಲ, ಹೊಡೆದವರ ಕಡೆಯವರು ಪಕ್ಕದಲ್ಲೇ ನಿಂತು ದಿಟ್ಟಿಸಿ ನೋಡ್ತಾ ಇದ್ರು, ಮೂರು ಗಂಟೆಗೆ ಎದುರು ವಕೀಲರು ಬಂದಿಲ್ಲ ಅಂತ ಬೇರೆ ಡೇಟ್. ಮುಂದಿನ ಡೇಟಿಗೂ ಅದೇ. ಅವರದು ಬಾಡಿಗೆ ಆಟೋ, ಓಡಿಸಲಿ ಬಿಡಲಿ ಓನರ್‌ಗೆ ದಿನದ ದುಡ್ಡು ಕಟ್ಟಬೇಕು. ಆ ಕಾರಿಡಾರಲ್ಲಿ ಅವರು ಖಾಕಿ ಶರ್ಟಿನ ಜೇಬಿಂದ ಸಮನ್ಸ್ ತೆಗೆದು, ಮಡಚಿ ಮಡಚಿ ಬಟ್ಟೆ ಥರ ಮೆತ್ತಗಾಗಿತ್ತು ಅದು, ಮೇಡಂ ನಾನು ನೋಡ್ಲೇ ಇಲ್ಲ ಅಂತ ಹೇಳಿಬಿಟ್ರೆ ಇದೆಲ್ಲಾ ಮುಗಿಯುತ್ತಾ ಅಂತ ಕೇಳಿದ್ರು. ಅಡ್ಡ ನಿಂತ ರಾತ್ರಿ ಇದ್ದ ಧೈರ್ಯ ಕಮ್ಮಿ ಆಗಿರ್ಲಿಲ್ಲ ಅವರಿಗೆ, ಅವರ ಹತ್ರ ಇದ್ದ ದುಡ್ಡು ಮುಗಿದಿತ್ತು.

ಅವರು ಹಿಂದೆ ಸರಿಯಲಿಲ್ಲ, ಆದ್ರೆ ಅದಕ್ಕೆ ಕಾರಣ ಅವರ ಒಬ್ಬರ ಛಲ ಮಾತ್ರ ಅಲ್ಲ. ಜಪ್ತಿ ಆದ ವಸ್ತು ಮಧ್ಯಂತರವಾಗಿ ಬಿಡಿಸ್ಕೊಳ್ಳೋಕೆ ಕೋರ್ಟಲ್ಲಿ ಅರ್ಜಿ ಹಾಕಬಹುದು, ಕ್ರಿಮಿನಲ್ ಕೇಸ್ ಹೇಗೆ ನಡೀಬೇಕು ಅಂತ ಹೇಳೋ ಈಗಿನ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 497ನೇ ಸೆಕ್ಷನ್, ಹಾಕಿ ಫೋನ್ ವಾಪಸ್ ತಗೊಂಡ್ವಿ. ಕೆಲವು ಗೆಳೆಯರು ಸೇರಿ ಕೋರ್ಟಿಗೆ ಬಂದ ದಿನದ ಬಾಡಿಗೆ ಕೊಟ್ರು, ಗಾಜು ಹಾಕಿಸಿದ್ರು. ಆ ನಾಗಾ ಹುಡುಗನ ಕಾಲೇಜು ಸ್ನೇಹಿತರು ಪ್ರತಿ ಡೇಟಿಗೆ ಇಬ್ಬರು ಮೂವರು ಬಂದು ಇವರ ಪಕ್ಕ ನಿಲ್ತಾ ಇದ್ರು, ಬೇರೇನೂ ಇಲ್ಲ, ಸುಮ್ನೆ ಪಕ್ಕ. ದಿಟ್ಟಿಸೋರು ದಿಟ್ಟಿಸೋದು ನಿಲ್ಸಿದ್ರು. ಸಾಕ್ಷಿ ಹೇಳಿದ್ರು.

ಯಾರೂ ಪಕ್ಕ ನಿಲ್ದೆ ಇದ್ರೆ ಏನಾಗುತ್ತೆ ಅನ್ನೋಕೆ ನಮ್ಮ ರಾಜ್ಯದಲ್ಲೇ ಕಂಬಾಲಪಲ್ಲಿ ಇದೆ. ಚಿಂತಾಮಣಿ ತಾಲೂಕು, 2000ದ ಮಾರ್ಚ್ 11, ಏಳು ಜನ ದಲಿತರನ್ನ ಮನೆಯೊಳಗೆ ಜೀವಂತ ಸುಟ್ಟರು. ಸಾಕ್ಷಿಗಳು ಒಬ್ಬೊಬ್ಬರಾಗಿ ತಿರುಗಿಬಿದ್ರು, 2006ರಲ್ಲಿ ಆರೋಪಿಗಳು ಖುಲಾಸೆ, 2014ರಲ್ಲಿ ಹೈಕೋರ್ಟ್ ಕೂಡ ಅದನ್ನೇ ಎತ್ತಿ ಹಿಡೀತು. ಏಳು ಜನ ಸತ್ತಿದ್ದು ನಿಜ, ಕೊಂದವರು ಕಾನೂನಿನ ಕಣ್ಣಲ್ಲಿ ಯಾರೂ ಇಲ್ಲ. ಸಾಕ್ಷಿಗಳು ಹೇಡಿಗಳು ಅಂತ ಯಾರಾದ್ರೂ ಅಂದ್ರೆ ನಾನು ಒಪ್ಪಲ್ಲ. ಅದೇ ಊರಲ್ಲಿ, ಅದೇ ಹೊಲದ ದಾರಿಯಲ್ಲಿ ಬದುಕಬೇಕಾದವರು ಅವರು, ನಾವು ಬೆಂಗಳೂರಲ್ಲಿ ಕೂತು ಅವರ ಹೆಸರಲ್ಲಿ ಸಭೆ ಮಾಡಿದ್ವಿ, ಅವರ ಜೊತೆ ಇರ್ಲಿಲ್ಲ.

ಈಗ ಕಾನೂನಲ್ಲಿ ಸ್ವಲ್ಪ ದಾರಿ ಇದೆ. 2018ರ ಡಿಸೆಂಬರಲ್ಲಿ ಸುಪ್ರೀಂ ಕೋರ್ಟ್ ಸಾಕ್ಷಿ ರಕ್ಷಣಾ ಯೋಜನೆ ಒಪ್ಪಿ ದೇಶಕ್ಕೆಲ್ಲಾ ಅನ್ವಯ ಮಾಡ್ತು, ಜಿಲ್ಲಾ ನ್ಯಾಯಾಧೀಶರ ನೇತೃತ್ವದ ಸಮಿತಿಗೆ ಅರ್ಜಿ ಹಾಕಬೇಕು, ಪೊಲೀಸ್ರು ಬೆದರಿಕೆ ಎಷ್ಟಿದೆ ಅಂತ ವರದಿ ಕೊಡಬೇಕು, ಅದರ ಮೇಲೆ ರಕ್ಷಣೆ ತೀರ್ಮಾನ ಆಗುತ್ತೆ. ದೌರ್ಜನ್ಯ ತಡೆ ಕಾಯ್ದೆಗೆ 2015ರಲ್ಲಿ ತಿದ್ದುಪಡಿ ಮಾಡಿ 15ಎ ಸೆಕ್ಷನ್ ಸೇರಿಸಿದಾರೆ, ಸಂತ್ರಸ್ತರಿಗೂ ಸಾಕ್ಷಿಗಳಿಗೂ ರಕ್ಷಣೆ, ಪ್ರಯಾಣ ವೆಚ್ಚ ಎಲ್ಲಾ ಹಕ್ಕು ಅಂತಾನೇ ಇದೆ. ಆದ್ರೆ ಇದನ್ನ ಕೇಳಿ ಪಡ್ಕೋಬೇಕು, ಕೇಳೋಕೆ ಗೊತ್ತಿರೋರು ಜೊತೆಗಿರಬೇಕು. ಇನ್ನೊಂದು ಮಾತು, ರಸ್ತೆ ಅಪಘಾತದಲ್ಲಿ ಗಾಯ ಆದವರಿಗೆ ಸಹಾಯ ಮಾಡೋರಿಗೆ ತೊಂದ್ರೆ ಕೊಡಬಾರದು ಅಂತ ನಮ್ಮ ಕರ್ನಾಟಕ 2016ರಲ್ಲೇ ಮಸೂದೆ ಮಾಡಿ ರಾಷ್ಟ್ರಪತಿ ಅಂಕಿತ ತಗೊಂಡ ರಾಜ್ಯ, ಆಮೇಲೆ 2019ರಲ್ಲಿ ಕೇಂದ್ರದ ಮೋಟಾರು ವಾಹನ ಕಾಯ್ದೆಗೂ ಅಂಥದೇ ರಕ್ಷಣೆ ಕೊಡೋ 134ಎ ಸೆಕ್ಷನ್ ಬಂತು. ಬಸ್ಸು ಗುದ್ದಿದವನನ್ನ ಎತ್ಕೊಂಡು ಹೋದ್ರೆ ರಕ್ಷಣೆ ಇದೆ, ಗುಂಪು ಗುದ್ದಿದವನನ್ನ ಎತ್ಕೊಂಡು ಹೋದವನಿಗೂ ಅಷ್ಟೇ ನೇರವಾದ ರಕ್ಷಣೆ ಬೇಕು ಅಂತ ನಾವು ಕೇಳಬೇಕು.

ಅದಕ್ಕೆ ನಿಮ್ಮ ಪ್ರಶಸ್ತಿಗೆ ನನ್ನ ಬೇಡಿಕೆ ಇಷ್ಟು. ವರ್ಷದ ಕೊನೆಗೆ ಅಂತ ಕಾಯಬೇಡಿ, ಘಟನೆ ಗೊತ್ತಾದ ವಾರದಲ್ಲೇ ಹೋಗಿ ಏನು ಬೇಕು ಅಂತ ಕೇಳಿ, ಸಮಾರಂಭ ಆಮೇಲೆ ಮಾಡಿ. ಪ್ರಶಸ್ತಿ ಮೊತ್ತದ ಹೆಚ್ಚಿನ ಭಾಗ ಕೋರ್ಟ್ ದಿನಗಳ ಸಂಬಳ ನಷ್ಟಕ್ಕೆ, ಗಾಡಿ ರಿಪೇರಿಗೆ, ಆಸ್ಪತ್ರೆಗೆ, ಬೇಕಾದ್ರೆ ಮನೆ ಬದಲಾಯಿಸೋಕೆ ಇಟ್ಟಿರಿ, ಕೇಸ್ ಮುಗಿಯೋವರೆಗೂ ಒಬ್ಬ ವಕೀಲರು ಅವರ ಫೋನ್ ಎತ್ತೋ ಹಾಗಿರಲಿ. ಆಯ್ಕೆ ಸಮಿತಿಯಲ್ಲಿ ಏಟು ತಿಂದವರ ಮಾತು ನಡೀಬೇಕು, ಯಾರು ನಿಜವಾಗಿ ಜೊತೆ ನಿಂತ್ರು, ಯಾರು ಆಮೇಲೆ ಬಂದು ಕ್ಯಾಮೆರಾ ಮುಂದೆ ನಿಂತ್ರು ಅನ್ನೋದು ಅವರಿಗೆ ಗೊತ್ತಿರೋಷ್ಟು ನಮಗೆ ಗೊತ್ತಿರಲ್ಲ. ವೇದಿಕೆ ಮೇಲೆ ರಾಜಕೀಯದವರು ಬೇಡ, ಯಾವ ಪಕ್ಷದವರೂ ಬೇಡ, ಅವರು ಬಂದ್ರೆ ಅಡ್ಡ ನಿಂತ ಮನುಷ್ಯ ಮಾರನೇ ದಿನ ಒಂದು ಪಕ್ಷದವನಾಗಿಬಿಡ್ತಾನೆ.

ಪ್ರಶ್ನೋತ್ತರದಲ್ಲಿ ಒಬ್ಬ ಹುಡುಗಿ ಕೇಳಿದ್ಲು, ನನ್ನ ಕಣ್ಣ ಮುಂದೆ ಮೆಟ್ರೋದಲ್ಲೋ ಬಸ್ಸಲ್ಲೋ ಹೀಗಾದ್ರೆ, ನನಗೆ ಹೊಡೆದಾಡೋ ಶಕ್ತಿ ಇಲ್ಲ, ಏನು ಮಾಡಲಿ ಅಂತ. ಹೊಡೆದಾಡಬೇಕಾಗಿಲ್ಲ ಕಣಮ್ಮ. ಬೈತಿರೋನ ಜೊತೆ ವಾದಕ್ಕೆ ಇಳೀಬೇಡ, ಬೈಸ್ಕೊಳ್ತಿರೋರ ಪಕ್ಕ ಹೋಗಿ ಕೂತ್ಕೋ, ಪರಿಚಯ ಇರೋರ ಹಾಗೆ ಮಾತಾಡ್ಸು, ಯಾವ ಸ್ಟಾಪ್ ನಿಮ್ದು ಅಂತ ಕೇಳು, ಗುಂಪಿಗೆ ಒಬ್ಬಂಟಿ ಸಿಕ್ಕಿದಾರೆ ಅನ್ನೋ ಲೆಕ್ಕ ಅಲ್ಲೇ ಕೆಡುತ್ತೆ. ಇನ್ನೊಬ್ಬರಿಗೆ 112ಕ್ಕೆ ಫೋನ್ ಮಾಡಿ ಅಂತ ಬೆರಳು ತೋರಿಸಿ ಹೇಳು, ಯಾರಾದ್ರೂ ಮಾಡಿ ಅಂದ್ರೆ ಯಾರೂ ಮಾಡಲ್ಲ. ರೆಕಾರ್ಡ್ ಮಾಡಿದ್ರೆ ಅವರನ್ನ ಕೇಳದೆ ಎಲ್ಲೂ ಹಾಕಬೇಡ. ಎಫ್‌ಐಆರ್ ಯಾವ ಸ್ಟೇಷನ್ನಲ್ಲಿ ಬೇಕಾದ್ರೂ ಕೊಡಬಹುದು, ನಮ್ಮ ಏರಿಯಾ ಅಲ್ಲ ಅಂತ ವಾಪಸ್ ಕಳಿಸೋ ಹಾಗಿಲ್ಲ, ಸುರಕ್ಷಾ ಸಂಹಿತೆಯ 173ರಲ್ಲೇ ಇದೆ.

ಕೊನೆಗೆ ಹಿಂದೆ ಕೂತಿದ್ದ ಒಬ್ಬ ಹಿರಿಯರು ಕೇಳಿದ್ರು, ಹೆಸರು ಬೇಡ ಅನ್ನೋರಿಗೆ ಪ್ರಶಸ್ತಿ ಹೇಗೆ ಕೊಡ್ತೀರಿ ಅಂತ. ಹೆಸರಿಲ್ಲದೆ ಕೊಡಿ, ಹಾಲ್‌ನಲ್ಲಿ ಕುರ್ಚಿ ಖಾಲಿ ಬಿಡೋದೂ ಬೇಡ, ಘಟನೆ ಏನು ಅಂತ ಎರಡು ಸಾಲು ಓದಿ, ನೆರವು ಅವರ ಮನೆಗೆ ತಲುಪಿಸಿ. ಆ ಆಟೋ ಡ್ರೈವರ್ ಕೇಸಲ್ಲಿ ಇನ್ನೂ ತೀರ್ಪು ಬಂದಿಲ್ಲ, ಮುಂದಿನ ಡೇಟ್ ಬರೋ ತಿಂಗಳು ಇದೆ, ಅವತ್ತು ಬೆಳಿಗ್ಗೆ ಹತ್ತು ಗಂಟೆಗೆ ಕೋರ್ಟಿಗೆ ಬರೋಕೆ ಆಗೋರು ಸಂಘಟಕರ ಹತ್ರ ಹೆಸರು ಕೊಡಿ. ವಕೀಲರು ಇಬ್ಬರಾದ್ರೂ ಬೇಕು, ಉಳಿದವರು ಸುಮ್ನೆ ಪಕ್ಕ ನಿಂತ್ರೆ ಸಾಕು.